ಅಂಗಾಲಿಗೆ ಹಿಡಿದ ನೇರಳೆ ಬೆಳಕು

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಮಾಡಿದವರಿಗೆ ಅಂಗಾಲಿನಲ್ಲಿ ಹುಣ್ಣು ಆಗಿರಲಿಲ್ಲ ಎಂದು ಕಾಣುತ್ತದೆ. ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ನಾನು ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಮಂಚದ ತುದಿಯಲ್ಲಿ ಕೂತು, ಕನ್ನಡಿಯನ್ನು ನೆಲದ ಮೇಲಿಟ್ಟು, ಎರಡೂ ಪಾದಗಳ ಅಡಿಯನ್ನು ನೋಡಿಕೊಳ್ಳುತ್ತೇನೆ. ಮುಖ ನೋಡಿಕೊಳ್ಳುವುದು ಆಮೇಲೆ. "ಮದುಮಗಳು ಕೂಡ ಇಷ್ಟು ಹೊತ್ತು ಕನ್ನಡಿ ನೋಡುದಿಲ್ಲ" ಎಂದು ನನ್ನ ಹೆಂಡತಿ ಶಾರದೆ ಗೇಲಿ ಮಾಡುತ್ತಾಳೆ. ಮಾಡಲಿ. ನನ್ನ ಬಲಗಾಲು ಇನ್ನೂ ನನ್ನ ಮೈಯಲ್ಲೇ ಇದೆಯಲ್ಲ, ಅದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರ ಬರುವುದಿಲ್ಲ.

ನಾನು ಶ್ರೀಪತಿ ರಾವ್, ಉಡುಪಿ ಕಡೆಯವನು. ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ನನ್ನದೊಂದು ಸಣ್ಣ ಹೋಟೆಲು ಇದೆ. ಇಡ್ಲಿ, ವಡೆ, ದೋಸೆ, ಮಧ್ಯಾಹ್ನ ಊಟ. ಮನೆ ಡೊಂಬಿವ್ಲಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಸಕ್ಕರೆ ಕಾಯಿಲೆ ಎಷ್ಟೋ ಕಾಲದಿಂದ ನನ್ನ ಜೊತೆ ಸಂಸಾರ ಮಾಡಿಕೊಂಡು ಬಂದಿದೆ. ಮಾತ್ರೆ ನುಂಗುತ್ತಿದ್ದೆ, ಜಿಲೇಬಿ ಬಿಟ್ಟಿದ್ದೆ, ಅಷ್ಟಕ್ಕೆ ಅದು ಸುಮ್ಮನಿದೆ ಎಂದುಕೊಂಡಿದ್ದೆ. ಅದು ಒಳಗೊಳಗೇ ನನ್ನ ಪಾದದ ನರಗಳನ್ನು ತಿಂದು ಮುಗಿಸಿತ್ತು ಎಂದು ತಿಳಿದದ್ದು ಒಂದು ಬೆಳಿಗ್ಗೆ ಶಾರದೆ ಕೂಗಿಕೊಂಡಾಗ.

"ಹೋಯ್, ಇದೆಂತ ಇದು? ಯಾರ ರಕ್ತ?"

ಬಚ್ಚಲಿನಿಂದ ದೇವರ ಕೋಣೆಯ ತನಕ, ಅಷ್ಟಮಿಗೆ ಕೃಷ್ಣನ ಹೆಜ್ಜೆ ಬರೆದ ಹಾಗೆ, ಬಿಳಿ ಟೈಲ್ಸಿನ ಮೇಲೆ ಕೆಂಪು ಹೆಜ್ಜೆಗಳು. ಯಾರದಪ್ಪಾ ಎಂದು ನಾನೂ ಸುತ್ತಲೂ ನೋಡಿದೆ. ನನ್ನದೇ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಒಂದು ತೂತು ಬಿದ್ದಿತ್ತು. ನೋವಿಲ್ಲ, ಉರಿಯಿಲ್ಲ. ಎಲ್ಲಿ ಚುಚ್ಚಿಕೊಂಡಿರಿ ಎಂದು ಅವಳು ಕೇಳಿದರೆ ನನಗೆ ಹೇಳಲಿಕ್ಕೂ ಬರಲಿಲ್ಲ. "ಸ್ಟೇಷನಿನಲ್ಲಿ ಎಂತಾದ್ರೂ ತಾಗಿರ್ಬೇಕು" ಎಂದೆ.

ಡೊಂಬಿವ್ಲಿಯ ನಮ್ಮ ಡಾಕ್ಟರು ಪಟ್ಟಿ ಕಟ್ಟಿದರು, ಮಾತ್ರೆ ಬದಲಿಸಿದರು. ಗಾಯ ಮಾತ್ರ ಜಗ್ಗಲಿಲ್ಲ. ಅದರಲ್ಲಿ ಕೂತ ಕ್ರಿಮಿ ಯಾವ ಆ್ಯಂಟಿಬಯೋಟಿಕ್ಕಿಗೂ ಸೊಪ್ಪು ಹಾಕಲಿಲ್ಲ. ಕೊನೆಗೆ ಠಾಣೆಯ ಒಂದು ದೊಡ್ಡ ಆಸ್ಪತ್ರೆಯ ಸರ್ಜನರ ಮುಂದೆ ಕೂತೆವು. ಒಳ್ಳೆಯ ಮನುಷ್ಯ. ನನ್ನ ಕಾಲನ್ನು ನೋಡಿ, ಎಕ್ಸ್‌ರೇ ನೋಡಿ, ಮತ್ತೆ ಕಾಲನ್ನು ನೋಡಿ, ಮೆತ್ತಗೆ ಹೇಳಿದರು: ಗಾಯ ಮುಚ್ಚದಿದ್ದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೆ ನಿಲ್ಲದಿದ್ದರೆ ಪಾದದ ಮುಂಭಾಗ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಲ್ಲಿ ಕೂತವರ ಮುಖ ಯಾರದೂ ನನಗೆ ಕಾಣಲಿಲ್ಲ. ಕಾಲುಗಳೇ ಕಂಡವು. ಬೆರಳಿಲ್ಲದ್ದು, ಅರ್ಧದ್ದು, ಮೊಣಕಾಲಿಗೇ ಮುಗಿದದ್ದು. ನಾನು ಹೆದರಿದೆ. ಕಾವಲಿಯ ಮುಂದೆ ನಿಂತು ಬದುಕಿದವನು ನಾನು. ನಿಲ್ಲಲಿಕ್ಕೆ ಕಾಲಿಲ್ಲದ ಹೋಟೆಲಿನವನು ಯಾತಕ್ಕೆ ಬೇಕು? ಶಾರದೆ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು.

ನಮ್ಮ ಮಗಳು ಪ್ರಜ್ಞಾ ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನಲ್ಲಿರುತ್ತಾಳೆ, ಬ್ಯಾಂಕಿನಲ್ಲಿ ಕೆಲಸ. ಹುಟ್ಟಿ ಬೆಳೆದದ್ದು ಇಲ್ಲೇ. ನಾವು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವವಳು. ಆ ದಿನ ಸಂಜೆಯೇ ಬಂದು, "ಬಸ್, ಅಬ್ ಮೇರೆ ಘರ್ ಚಲೋ. ಲಿಫ್ಟ್ ಹೈ" ಎಂದು ನಮ್ಮಿಬ್ಬರನ್ನೂ ಲಿಫ್ಟ್ ಇರುವ ತನ್ನ ಮನೆಗೆ ಎತ್ತಿಕೊಂಡೇ ಹೋದಳು. ಆಮೇಲೆ ಎಲ್ಲೆಲ್ಲೋ ವಿಚಾರಿಸಿ, ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಹೀಗೆ ಹಟ ಹಿಡಿದ ಗಾಯಗಳಿಗೆ ಕೋಲ್ಡ್ ಪ್ಲಾಸ್ಮಾ ಎಂಬ ಹೊಸ ಚಿಕಿತ್ಸೆ ಮಾಡುತ್ತಾರೆ ಎಂದು ಪತ್ತೆ ಮಾಡಿದಳು. ಪ್ಲಾಸ್ಮಾ ಎಂದರೆ ರಕ್ತದ್ದು ಎಂದುಕೊಂಡೆ. ಅಲ್ಲವಂತೆ, ವಿದ್ಯುತ್ತು ಹಾಯಿಸಿದ ಗಾಳಿಯಂತೆ. ಕಾಲು ಉಳಿಯುವುದಾದರೆ ಗಾಳಿಯಾದರೇನು, ಬೆಂಕಿಯಾದರೇನು ಎಂದು ಹೊರಟೆ.

ಠಾಣೆಯಿಂದ ತುರ್ಭೆ ಕಡೆಗೆ ಹೋಗುವ ಲೋಕಲಿನಲ್ಲಿ ಅಂಗವಿಕಲರ ಡಬ್ಬಿ ಹತ್ತಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ನಾಚಿಕೆಯಾಯಿತು. ಆಸ್ಪತ್ರೆ ಮುಟ್ಟಿದರೆ ಅಲ್ಲಿ ಕಾಯುವ ಕೋಣೆ ತುಂಬ ಜನ. ಪಕ್ಕದಲ್ಲಿ ಕೂತ ಒಬ್ಬ ಗಟ್ಟಿಮುಟ್ಟಾದ ಆಸಾಮಿ, ನನ್ನ ಮತ್ತು ಶಾರದೆಯ ಮಾತು ಕೇಳಿ, ಮುಖವರಳಿಸಿ ತಿರುಗಿದ.

"ಏನ್ರೀ ಯಜಮಾನ್ರ, ಕನ್ನಡದವರೇನು? ನಿಮ್ಮದೂ ಕಾಲೇ ಏನ್ರಿ?"

"ಹೌದು ಮಾರಾಯ, ಕಾಲೇ."

"ಅಂಜಬ್ಯಾಡ್ರಿ. ನಂದು ಇಷ್ಟಿತ್ತು ನೋಡ್ರಿ" ಎಂದು ಅಂಗೈ ಚಾಚಿ ತೋರಿಸಿದ. "ಈಗ ಉಗುರಿನಷ್ಟ ಉಳದೇದ. ಆ ಹೆಣ್ಮಗಳು, ಡಾಕ್ಟರ್ ಬಾಯಿ, ಭಾಳ ಶಾಣ್ಯಾ ಇದ್ದಾರ್ರಿ."

ಶರಣಪ್ಪ ಎಂದು ಅವನ ಹೆಸರು. ಕಲಬುರಗಿ ಕಡೆಯವನು, ತುರ್ಭೆಯ ಗೋದಾಮಿನಲ್ಲಿ ಮೂಟೆ ಹೊರುವವನು. ತನ್ನ ಚೀಲವನ್ನು ನನ್ನ ಕಾಲಿನ ಕೆಳಗೆ ತಳ್ಳಿ, "ಮ್ಯಾಲೆ ಇಟಗೋರಿ, ಬಾವು ಇಳೀತದ" ಎಂದ. ಅದರಲ್ಲಿ ಅವನ ಬುತ್ತಿ ಇತ್ತು. ಅನ್ನದ ಮೇಲೆ ಕಾಲಿಡುವುದೇ ಎಂದು ನಾನು ಎಳೆದುಕೊಂಡರೆ ಅವನು ನಕ್ಕು ಬುತ್ತಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಚೀಲವನ್ನು ಮತ್ತೆ ತಳ್ಳಿದ. ಅವತ್ತಿನಿಂದ ನಾವಿಬ್ಬರೂ ಒಂದೇ ದಿನಕ್ಕೆ ಅಪಾಯಿಂಟ್‌ಮೆಂಟ್ ಕೇಳಿ ತೆಗೆದುಕೊಳ್ಳುತ್ತಿದ್ದೆವು.

ಡಾಕ್ಟರ್ ಮೃಣಾಲ್ ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವರು. ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನನಗೆ ಜೀವ ಹಿಡಿಯಾಯಿತು. ಕಾಲು ತಾಗಿದರೆ ಕ್ಷಮಿಸಿ ಎಂದು ಕಣ್ಣಿಗೊತ್ತಿಕೊಳ್ಳುವ ಪೈಕಿ ನಾವು. ನಾನು ಕೈ ಮುಗಿದೆ. ಅವರು ತಲೆ ಎತ್ತದೆ, "ಕಾಕಾ, ಕಾಲು ನೋಡೋದು ನನ್ನ ಕೆಲಸ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದು ಮರಾಠಿಯಲ್ಲಿ ಹೇಳಿದರು. ಸತ್ತ ಚರ್ಮ ಕೆರೆದು ತೆಗೆದರು. ಆಮೇಲೆ ಪೆನ್ನಿನಂಥ ಒಂದು ಸಾಧನ ಕೈಗೆತ್ತಿಕೊಂಡರು. ಅದರ ತುದಿಯಲ್ಲಿ ಸಣ್ಣದೊಂದು ನೇರಳೆ ಜ್ವಾಲೆ ಸುಯ್ ಎನ್ನುತ್ತಿತ್ತು. ಝೆರಾಕ್ಸ್ ಅಂಗಡಿಯ ವಾಸನೆ ಬಂತು.

"ಉರಿಯುತ್ತದಾ?" ಶಾರದೆ ಕೇಳಿದಳು.

ಡಾಕ್ಟರು ಮೊದಲು ತಮ್ಮ ಬೆರಳ ತುದಿಯನ್ನು ಆ ಜ್ವಾಲೆಗೆ ಹಿಡಿದರು. ನನ್ನ ಕಾಲಿಗೆ ಏನೂ ತಿಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ನನ್ನ ಅಂಗೈಗೆ ಒಂದು ಕ್ಷಣ ತೋರಿಸಿದರು. ಯಾರೋ ತಣ್ಣಗೆ ಊದಿದ ಹಾಗಾಯಿತು, ಅಷ್ಟೇ. ನಲವತ್ತು ವರ್ಷ ಬೆಂಕಿಯ ಮುಂದೆ ನಿಂತವನಿಗೆ ಸುಡದ ಬೆಂಕಿ! ನನಗೆ ಅದು ಬಹಳ ಇಷ್ಟವಾಗಿಬಿಟ್ಟಿತು.

ಇಷ್ಟವಾಗದೆ ಹೋದದ್ದು ಪ್ರಜ್ಞಾಳಿಗೆ. ನನ್ನನ್ನು ಅಲ್ಲಿಗೆ ಕಳಿಸಿದವಳೇ ಅವಳು, ಆದರೆ ಆಮೇಲೆ ಓದುತ್ತಾ ಹೋದಳು. ಓದಿದಷ್ಟೂ ಮುಖ ಸಣ್ಣದಾಯಿತು. "ಪಪ್ಪಾ, ಏ ಚೀಜ್ ಡಿಎನ್‌ಎ ತೋಡ್ತೀ ಹೈ. ಅಪ್ನೇ ಸೆಲ್ಸ್ ಕಾ ಭೀ" ಎಂದಳು. ಅಂದರೆ ಈ ಬೆಳಕು ನಮ್ಮದೇ ಜೀವಕೋಶಗಳ ಡಿಎನ್‌ಎಯನ್ನು ಮುರಿಯುತ್ತದೆ, ನಾಳೆ ಕ್ಯಾನ್ಸರೋ ಮತ್ತೊಂದೋ ಆದರೆ ಯಾರು ಹೊಣೆ ಎಂದು. ಶಾರದೆಗೆ ಡಿಎನ್‌ಎ ಎಂದರೆ ಟೀವಿಯಲ್ಲಿ ಅಪ್ಪ ಯಾರೆಂದು ಪತ್ತೆ ಮಾಡುವುದು. "ನಿಮ್ಮಪ್ಪ ಈಗ ಬೇರೆಯವರಾಗಿಬಿಡ್ತಾರಾ?" ಎಂದು ಗಾಬರಿಯಲ್ಲಿ ಕೇಳಿದಳು. ನಾನು ನಕ್ಕೆ. ನಕ್ಕವನು ಪಟ್ಟಿ ಕಟ್ಟಿದ ಕಾಲನ್ನು ಇನ್ನೊಮ್ಮೆ ನೋಡಿಕೊಂಡೆ.

ಮುಂದಿನ ಸಲ ಪ್ರಜ್ಞಾ ರಜೆ ಹಾಕಿ ಬಂದು ಡಾಕ್ಟರನ್ನೇ ಕೇಳಿದಳು. ಹೀಗೆ ಕೇಳಿದರೆ ಕೆಲವು ಡಾಕ್ಟರುಗಳಿಗೆ ಸಿಟ್ಟು ಬರುತ್ತದೆ. ಇವರು ಕೈಗವಸು ಕಳಚಿ, ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ.

"ನೀವು ಓದಿದ್ದು ಸುಳ್ಳಲ್ಲ. ಇದು ಡಿಎನ್‌ಎಗೆ ತಾಗುತ್ತದೆ. ಕ್ರಿಮಿ ಸಾಯುವುದಕ್ಕೆ ಅದೂ ಒಂದು ಕಾರಣ. ನಿಮ್ಮಪ್ಪನ ಜೀವಕೋಶಗಳಿಗೂ ಸ್ವಲ್ಪ ತಾಗುತ್ತದೆ. ಬಿಸಿಲಿಗೆ ಹೋದರೂ ನಮ್ಮ ಡಿಎನ್‌ಎ ಅಲ್ಲಲ್ಲಿ ಹಾಳಾಗುತ್ತದೆ. ಜೀವಕೋಶ ತಾನೇ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಇಲ್ಲಿಯೂ ಹಾಗೆ. ಸ್ವಲ್ಪ ಹಿಡಿದರೆ ರಿಪೇರಿಯಾಗುತ್ತದೆ, ಮಲಗಿದ್ದ ಗಾಯ ಎಚ್ಚರವೂ ಆಗುತ್ತದೆ. ಅತಿಯಾದರೆ ರಿಪೇರಿಯ ಕೈ ಮೀರಿ ಕೋಶವೇ ಸಾಯುತ್ತದೆ. ಎಷ್ಟು ದೂರ, ಎಷ್ಟು ಹೊತ್ತು ಹಿಡಿಯಬೇಕು ಅನ್ನೋದರಲ್ಲೇ ಎಲ್ಲ ಇರೋದು."

"ಔರ್ ಬಾದ್ ಮೇಂ? ಹತ್ತಿಪ್ಪತ್ತು ವರ್ಷ ಆದ ಮೇಲೆ?"

"ಇಲ್ಲಿಯವರೆಗೆ ನಾವು ನೋಡಿದವರಲ್ಲಿ ಕೆಟ್ಟದ್ದು ಕಂಡಿಲ್ಲ. ಅಷ್ಟು ದೂರದ್ದು ನನಗೆ ಪೂರ್ತಿ ಗೊತ್ತಿಲ್ಲ. ಗೊತ್ತು ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ."

ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಿದ ಡಾಕ್ಟರನ್ನು ನಾನು ಮೊದಲ ಸಲ ಕಂಡೆ. ಅವರ ಮೇಲೆ ನನ್ನ ನಂಬಿಕೆ ಗಟ್ಟಿಯಾದದ್ದು ಆ ಮಾತಿನಿಂದಲೇ. ದೂರ ಮತ್ತು ಹೊತ್ತಿನ ವಿಷಯವೂ ನನಗೆ ಚೆನ್ನಾಗಿ ಅರ್ಥವಾಯಿತು. ಕಾವಲಿಯ ಮೇಲಿನ ದೋಸೆಗೂ ಇರುವುದು ಅದೊಂದೇ ವಿದ್ಯೆ. ಪ್ರಜ್ಞಾಳಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಆದರೆ ಬೇಡವೆನ್ನಲಿಲ್ಲ.

ಗಾಯ ಮುಚ್ಚತೊಡಗಿತು! ಒಳಗಿನಿಂದ ಕೆಂಪಗೆ ಹೊಸ ಮಾಂಸ ಬಂತು, ಅಂಚಿನಿಂದ ಎಳೆ ಚರ್ಮ ಒಳಗೆ ತೆವಳಿತು. ವಾಸನೆ ಹೋಯಿತು. ನೇರಳೆ ಬೆಳಕೊಂದೇ ಮಾಡಿದ್ದಲ್ಲ, ಸಕ್ಕರೆ ಹಿಡಿತಕ್ಕೆ ಬಂದದ್ದು, ದಿನಾ ಶಾರದೆ ಪಟ್ಟಿ ಬದಲಿಸಿದ್ದು, ಗಾಯದ ಮೇಲೆ ಭಾರ ಬೀಳದ ಹಾಗೆ ಕೊಟ್ಟ ಚಪ್ಪಲಿ, ಎಲ್ಲ ಸೇರಿ ಆದದ್ದು ಎಂದು ಡಾಕ್ಟರೇ ಪ್ರತಿ ಸಲ ನೆನಪಿಸುತ್ತಿದ್ದರು. ಜೊತೆಗೆ ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಿದ್ದರು: "ಕಾಕಾ, ಅನವಾಣಿ ಚಾಲತ್ ನಾಹೀ ನಾ?" ಬರಿಗಾಲಲ್ಲಿ ನಡೆಯುವುದಿಲ್ಲ ತಾನೇ ಎಂದು. ನಾನು ಪ್ರತಿ ಸಲವೂ ಎದೆ ತಟ್ಟಿ, "ಕಧೀಚ್ ನಾಹೀ!" ಎನ್ನುತ್ತಿದ್ದೆ. ಎಂದೂ ಇಲ್ಲ.

ಸ್ವಲ್ಪ ಗುಣವಾದ ಮೇಲೆ ದಿನಾ ಬೆಳಿಗ್ಗೆ ರಿಕ್ಷಾ ಹಿಡಿದು ಹೋಟೆಲಿಗೆ ಹೋಗತೊಡಗಿದೆ. ಸ್ವಲ್ಪ ಹೊತ್ತು ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂತು, ಒಳಗೆ ಹೋಗಿ ಸಾಂಬಾರಿನ ರುಚಿ ನೋಡಿ, ಮನೆಗೆ ಮರಳುವುದು. ಅಷ್ಟರಿಂದಲೇ ನನಗೆ ಬದುಕಿದ್ದೇನೆ ಎನ್ನಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಪಟ್ಟಿ ಬಿಚ್ಚಿದ ಶಾರದೆ "ಅಯ್ಯೋ ದೇವರೇ" ಎಂದು ಹಾಗೇ ಕೂತುಬಿಟ್ಟಳು. ಮುಚ್ಚುತ್ತಾ ಬಂದಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಸುತ್ತ ಊದಿತ್ತು, ಕೀವು ಕಂಡಿತು. ಪ್ರಜ್ಞಾ ನೋಡಿದಳು. "ಮೈನೆ ಬೋಲಾ ಥಾ ನಾ! ಅವತ್ತೇ ಹೇಳಿದ್ದೆ, ಡಿಎನ್‌ಎ ಹಾಳಾಗಿ ಸೆಲ್ಸ್ ಸತ್ತಿವೆ" ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಕೂಗಾಡಿದಳು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ನಾನೇ ಕಳಿಸಿದ್ದು, ನಾನೇ ಕಳಿಸಿದ್ದು ಎಂದು. ಅವಳ ಬೆನ್ನ ಮೇಲೆ ಕೈಯಿಟ್ಟೆ. ನನ್ನ ಕಣ್ಣ ಮುಂದೆ ಆ ಠಾಣೆಯ ಬೆಂಚು ಬಂತು, ಅಲ್ಲಿನ ಕಾಲುಗಳು ಬಂದವು. ಈ ಸಲ ಬೆರಳು ಹೋದದ್ದೇ ಎಂದುಕೊಂಡೆ.

ಮರುದಿನ ಬೆಳಿಗ್ಗೆಯೇ ಮೂವರೂ ನವಿ ಮುಂಬಯಿಗೆ ಓಡಿದೆವು. ಪ್ರಜ್ಞಾ ಕೂರುವ ಮೊದಲೇ, "ನಿಮ್ಮ ಮೆಷಿನ್‌ನಿಂದಲೇ ಹೀಗಾಗಿದೆ" ಎಂದಳು.

ಡಾಕ್ಟರ್ ಮೃಣಾಲ್ ಯಂತ್ರದ ಪರ ಒಂದು ಮಾತೂ ಆಡಲಿಲ್ಲ. "ಆಗಿರಬಹುದು. ಹಾಗೇನಾದರೂ ಆಗಿದ್ದರೆ ಇವತ್ತೇ ನಿಲ್ಲಿಸುತ್ತೇನೆ. ಮೊದಲು ನೋಡೋಣ" ಎಂದು ಯಂತ್ರದ ಪ್ಲಗ್ಗನ್ನೇ ಕಿತ್ತಿಟ್ಟರು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ನನ್ನ ಕಾಲನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಪ್ರಜ್ಞಾ ನನ್ನ ಕೈ ಹಿಡಿದಿದ್ದಳು. ಕೊನೆಗೆ ಚಿಮಟದಲ್ಲಿ ಏನನ್ನೋ ಹಿಡಿದು ಎಳೆದು, ಬಿಳಿ ಹತ್ತಿಬಟ್ಟೆಯ ಮೇಲಿಟ್ಟರು. ಜೀರಿಗೆಯಷ್ಟು ಸಣ್ಣದು, ಕಂದು ಬಣ್ಣದ್ದು, ಮೊನೆ ಚೂಪಾಗಿತ್ತು.

"ಕಾಕಾ, ಇದೇನು? ಮರದ ಸಿಬಿರಾ?"

ನಾನು ಕನ್ನಡಕ ಏರಿಸಿ ನೋಡಿದೆ. ಜೀವಮಾನವಿಡೀ ಕಂಡ ವಸ್ತು, ಗುರುತು ಸಿಗದೆ ಇದ್ದೀತೇ? "ಗೆರಟೆ" ಎಂದೆ. ತೆಂಗಿನಕಾಯಿಯ ಚಿಪ್ಪಿನ ಚೂರು. ಚಟ್ನಿಗೆಂದು ನಮ್ಮ ಅಡಿಗೆಮನೆಯಲ್ಲಿ ದಿನಾ ರಾಶಿ ಕಾಯಿ ಒಡೆಯುತ್ತಾರೆ.

"ಚಪ್ಪಲಿ ಹಾಕಿದ್ದರೆ ಇದು ಒಳಗೆ ಹೋಗಿದ್ದು ಹೇಗೆ? ಬರಿಗಾಲಲ್ಲಿ ನಡೆಯಲ್ಲ ಅಂದಿದ್ದಿರಿ."

"ನಡೆಯುವುದೇ ಇಲ್ಲ! ಇದು ಅಡಿಗೆಮನೆ."

"ಅಡಿಗೆಮನೆಯಲ್ಲಿ?"

"ಅಡಿಗೆಮನೆಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ?" ಎಂದು ನಾನೇ ಅವರನ್ನು ಕೇಳಿದೆ. ಕೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಸತ್ಯವಾಗಿ ಹೇಳುತ್ತೇನೆ, ನಾನು ಸುಳ್ಳು ಹೇಳಿರಲಿಲ್ಲ. ಬರಿಗಾಲಲ್ಲಿ ನಡೆಯುವುದು ಎಂದರೆ ನನ್ನ ಲೆಕ್ಕದಲ್ಲಿ ರಸ್ತೆ, ಸ್ಟೇಷನ್ನು, ಮಾರ್ಕೆಟ್ಟು. ಅಡಿಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದು ದೇವರ ಕೋಣೆಯ ಎದುರು ಬಿಟ್ಟ ಹಾಗೆ. ಅದನ್ನು ಯಾರೂ ನಡೆಯುವುದು ಎನ್ನುವುದಿಲ್ಲ. ನಮ್ಮ ಅಡಿಗೆಯ ಭಟ್ರು ನನ್ನ ತಂದೆಯ ಕಾಲದಿಂದ ಇದ್ದವರು. ಬಾಗಿಲ ನಲ್ಲಿಯಲ್ಲಿ ಕಾಲು ತೊಳೆಯದೆ ನನ್ನನ್ನೂ ಒಳಗೆ ಬಿಡುವವರಲ್ಲ. ಗಾಯವಾದ ಮೇಲೆ ನೀರು ತಾಗಬಾರದೆಂದು, ಡಾಕ್ಟರು ಕೊಟ್ಟ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಪಟ್ಟಿ ಕಟ್ಟಿದ ಕಾಲಲ್ಲೇ ಒಳಗೆ ಹೋಗಿ ಬರುತ್ತಿದ್ದೆ. ಮೊದಲ ತೂತು ಎಲ್ಲಿ ಬಿದ್ದದ್ದು ಎಂಬುದೂ ಆಗಲೇ ಹೊಳೆಯಿತು. ಪಾಪ, ರೈಲ್ವೆ ಸ್ಟೇಷನನ್ನು ಸುಮ್ಮನೆ ಬೈದಿದ್ದೆ.

ಪ್ರಜ್ಞಾ ಅಳುತ್ತಳುತ್ತಲೇ ನಗತೊಡಗಿದಳು. ಶಾರದೆ ನಗಲಿಲ್ಲ. "ಆ ಅಡಿಗೆಮನೆಗೆ ನಿಮ್ಮ ಕಾಲನ್ನೇ ನೈವೇದ್ಯ ಕೊಡ್ಲಿಕ್ಕೆ ಹೊರಟಿದ್ರಲ್ಲ!" ಎಂದಳು. ಡಾಕ್ಟರು ಇಬ್ಬರಿಗೂ ನೀರು ಕೊಡಿಸಿ, ನನಗೆ ಮಾತ್ರ ಕಟ್ಟಪ್ಪಣೆ ಮಾಡಿದರು. ಈ ಕಾಲಿಗೆ ಇನ್ನು ಮೇಲೆ ನೆಲ ಎಂದರೆ ನೆಲವೇ. ಅಡಿಗೆಮನೆಯದಾದರೂ, ದೇವರ ಮನೆಯದಾದರೂ. ದಪ್ಪ ಅಟ್ಟೆಯ ಚಪ್ಪಲಿ ಇಲ್ಲದೆ ಒಂದು ಹೆಜ್ಜೆಯೂ ಇಲ್ಲ, ಸಾಯುವ ತನಕ.

ಸೋಂಕು ಇಳಿದ ಮೇಲೆ ನೇರಳೆ ಬೆಳಕು ಮತ್ತೆ ಶುರುವಾಯಿತು. ಈ ಸಲ ಪ್ರಜ್ಞಾಳೇ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಡಾಕ್ಟರು ಗಾಯದ ಜಾಗವನ್ನು ಬೆರಳಲ್ಲಿ ಸವರಿ, "ಝಾಲಂ ಕಾಕಾ" ಎಂದರು. ಆಯಿತು. ಗುಲಾಬಿ ಬಣ್ಣದ ತೆಳ್ಳನೆಯ ಚರ್ಮ, ಹಸುಗೂಸಿನದರ ಹಾಗೆ. ಅದರೊಳಗಿನ ಕೋಶಗಳು ಪೆಟ್ಟು ತಿಂದು, ತಮ್ಮನ್ನು ತಾವೇ ರಿಪೇರಿ ಮಾಡಿಕೊಂಡು, ಒಂದಕ್ಕೊಂದು ಕೈ ಹಿಡಿದು ಬಂದು ಕೂತಿದ್ದವು. ಯಾರು ಕಲಿಸಿದರಪ್ಪಾ ಅವಕ್ಕೆ ಇಷ್ಟೆಲ್ಲ? ಹೊರಗೆ ಬಂದರೆ ತಪಾಸಣೆಗೆ ಬಂದಿದ್ದ ಶರಣಪ್ಪ ಎದ್ದು ನಿಂತು, "ಏನ್ರಿ, ಗೆದ್ರಿಲ್ಲೋ!" ಎಂದು ನನ್ನ ಬೆನ್ನಿಗೆ ಗುದ್ದಿದ. ಮೂಟೆ ಹೊರುವ ಕೈ, ಬೆನ್ನು ಎರಡು ದಿನ ನೋಯಿತು.

ಗೆದ್ದೆ, ಆದರೆ ಅಡಿಗೆಮನೆ ಹೋಯಿತು. ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗಲು ನನ್ನ ಮನಸ್ಸೇ ಒಪ್ಪಲಿಲ್ಲ. ಭಟ್ರು ಒಪ್ಪುವ ಮಾತು ದೂರ. ಹೋಗುವುದನ್ನೇ ಬಿಟ್ಟೆ. ದಿನವಿಡೀ ಗಲ್ಲೆಯಲ್ಲಿ ಕೂತು ಒಳಗಿನ ಒಗ್ಗರಣೆಯ ಸದ್ದು ಕೇಳುತ್ತಿದ್ದೆ. ಭಟ್ರು ಬೆಳಿಗ್ಗೆ ಬಟ್ಟಲಲ್ಲಿ ಸಾಂಬಾರು ತಂದು ಮೇಜಿನ ಮೇಲಿಡುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ಗೆರಟೆಯ ಕತೆ ಕೇಳಿದಂದಿನಿಂದ ಅವರು ಹಾಗೆಯೇ. ನಾನು ಉಪ್ಪು ಸರಿ ಇದೆ ಎನ್ನುತ್ತಿದ್ದೆ. ಕೂತು ತಿಂದ ಸಾಂಬಾರಿಗೆ ರುಚಿ ಎಲ್ಲಿಂದ ಬರಬೇಕು?

ಆಯುಧ ಪೂಜೆಯ ದಿನ ಶಾರದೆ ಬೇಗ ಎದ್ದು ನನಗಿಂತ ಮೊದಲೇ ಹೋಟೆಲಿಗೆ ಹೋಗಿದ್ದಳು. ನಾನು ಹೋಗಿ ಗಲ್ಲೆಯಲ್ಲಿ ಕೂರುವಷ್ಟರಲ್ಲಿ ಭಟ್ರು ಬಾಗಿಲಿಗೆ ಬಂದು, "ರಾಯರೇ, ಒಮ್ಮೆ ಇಲ್ಲಿ ಬನ್ನಿ ಮಾರಾಯ್ರೆ" ಎಂದು ಕರೆದರು. ಹೊಸ್ತಿಲ ತನಕ ಹೋಗಿ ನಿಂತೆ. ಒಳಗೆ ರುಬ್ಬುವ ಯಂತ್ರ, ಕಾವಲಿ, ದೋಸೆ ಮಗುಚುವ ಚಟ್ಟುಗ, ಈಳಿಗೆಮಣೆ, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಎಲ್ಲಕ್ಕೂ ಕುಂಕುಮ, ಚೆಂಡುಹೂ. ಸಾಲಿನ ಕೊನೆಯಲ್ಲಿ ಬಾಳೆಲೆಯ ಮೇಲೆ ಒಂದು ಜೊತೆ ಹೊಸ ಚಪ್ಪಲಿ. ದಪ್ಪ ಅಟ್ಟೆಯದು, ನನ್ನ ಕಾಲಿನ ಅಳತೆಯದು. ಶಾರದೆ ಆಸ್ಪತ್ರೆಯಿಂದ ಮಾಡಿಸಿ ತಂದಿದ್ದಳು. ಅದಕ್ಕೂ ಕುಂಕುಮವಿಟ್ಟಿತ್ತು, ಒಂದೊಂದರ ಮೇಲೂ ಒಂದು ಹೂ.

"ಇದು ರಸ್ತೆ ಕಂಡದ್ದಲ್ಲ, ಕಾಣುದೂ ಬೇಡ. ಇಲ್ಲಿಯೇ ಇರ್ಲಿ" ಎಂದರು ಭಟ್ರು. "ನಮಗೆ ಚಟ್ಟುಗ ಹೇಗೋ ನಿಮಗೆ ಇದು ಹಾಗೆ. ಪೂಜೆ ಆಗಿದೆ. ಹಾಕಿಕೊಂಡು ಒಳಗೆ ಬನ್ನಿ."

ಅವರೇ ತೆಂಗಿನಕಾಯಿ ಎತ್ತಿ ಹೊಸ್ತಿಲ ಪಕ್ಕದ ಕಲ್ಲಿಗೆ ಹೊಡೆದರು. ನನಗೆ ಕಣ್ಣು ಕಾಣಿಸಲಿಲ್ಲ. ಶಾರದೆ ಚಪ್ಪಲಿ ತಂದು ಹೊಸ್ತಿಲಲ್ಲಿಟ್ಟು ನನ್ನ ತೋಳು ಹಿಡಿದುಕೊಂಡಳು. ಹೂ ತೆಗೆದು ಕಿವಿಗಿಟ್ಟುಕೊಂಡು ಚಪ್ಪಲಿ ಹಾಕಿಕೊಂಡೆ, ಹೊಸ್ತಿಲು ದಾಟಿದೆ. ನೆಲ ಬಿಸಿಯೋ ತಂಪೋ ನನ್ನ ಕಾಲಿಗೆ ತಿಳಿಯಲಿಲ್ಲ. ತಿಳಿಯದೆ ಎಷ್ಟೋ ಕಾಲವಾಗಿದೆ. ಮುಂದಿನ ಹೆಜ್ಜೆ ಇಟ್ಟಾಗ ಬಲಗಾಲಿನ ಅಡಿಯಲ್ಲಿ ಕರಕ್ ಎಂದಿತು.

ನಾನು ನಿಂತೆ. ಭಟ್ರೂ ನಿಂತರು. ಕಾಲೆತ್ತಿ ನೋಡಿದರೆ, ಈಗಷ್ಟೇ ಒಡೆದ ಪೂಜೆಯ ಕಾಯಿಯ ಗೆರಟೆಯ ಚೂರು ಅಟ್ಟೆಗೆ ನಾಟಿಕೊಂಡಿತ್ತು. ಭಟ್ರು ಬಗ್ಗಿ, ನನ್ನ ಕಾಲನ್ನು ಒಂದು ಕೈಯಲ್ಲಿ ಹಿಡಿದು, ಅದನ್ನು ಕಿತ್ತು ಬುಟ್ಟಿಗೆ ಎಸೆದರು. ಆಮೇಲೆ ಕೈ ತೊಳೆದುಕೊಂಡು ಸೌಟು ತೆಗೆದುಕೊಂಡರು.

"ಬನ್ನಿ ರಾಯರೇ, ಉಪ್ಪು ನೋಡಿ" ಎಂದರು.